ವಾರ್ಧಕ್ಯ ಮತ್ತು ಪಾರತಂತ್ರ್ಯ



ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು ದಶಪ್ರಕರಣಗಳಲ್ಲಿ ಒಂದಾದ ‘ತತ್ತ್ವಸಂಖ್ಯಾನ’ವೆಂಬ ಅತಿ ಸಂಕ್ಷಿಪ್ತ ಗ್ರಂಥದ ಆರಂಭದಲ್ಲಿಯೇ ಸಮಸ್ತ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದ್ದಾರೆ. ಸ್ವತಂತ್ರನು ಸರ್ವೋತ್ತಮನಾದ ಶ್ರೀವಿಷ್ಣುವೊಬ್ಬನೇ. ರಮಾಬ್ರಹ್ಮಾದಿಗಳಿಂದ ಮೊದಲ್ಗೊಂಡು ತೃಣದವರೆಗೆ ಉಳಿದುದೆಲ್ಲವೂ ಅವನ ಅಧೀನ. ಬಾಲ್ಯದಿಂದಲೂ ಈ ಮಾತನ್ನು ನಾವು ಕೇಳುತ್ತ ಬಂದಿದ್ದೇವೆ. ಕೈಕಾಲು ಗಟ್ಟಿಯಾಗಿರುವಾಗ, ಸಂಪಾದನೆ ನಡೆದಿರುವಾಗ, ಮನೆಮಂದಿಯೆಲ್ಲ ನಮ್ಮ ಮಾತಿಗೆ ಕಿವಿಗೊಡುತ್ತಿರುವಾಗ ಅದು ಕೇಳಿದ ಮಾತಾಗಿಯೇ ಉಳಿಯುತ್ತದೆ. ಸ್ನಾನದ ಮನೆಗೆ ಹೋಗಲು ಮತ್ತೊಬ್ಬರ ತೋಳು ಬೇಕಾದ ದಿನ ಅದು ಅನುಭವದ ಮಾತಾಗುತ್ತದೆ. ಆ ದಿನ ತತ್ತ್ವವು ನಮಗೆ ಆಸರೆಯಾಗುತ್ತದೆಯೋ, ಇಲ್ಲವೇ ಮರೆತುಹೋಗಿ ದುಃಖವೊಂದೇ ಉಳಿಯುತ್ತದೆಯೋ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಧಾರವಾಡ, ವಿಜಯಪುರ, ರಾಯಚೂರು, ಉಡುಪಿಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಬಂದು ನೆಲೆಸಿದ ನಮ್ಮ ಮನೆತನಗಳಲ್ಲಿ ಈ ಪ್ರಶ್ನೆ ಮತ್ತಷ್ಟು ತೀವ್ರವಾಗಿದೆ. ಊರಿನ ಮನೆಯಲ್ಲಿ ಪಡಸಾಲೆಯಿತ್ತು. ಅಲ್ಲಿ ಕುಳಿತ ಹಿರಿಯರನ್ನು ದಾಟದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ನಗರದಲ್ಲಿ ಎರಡು ಕೋಣೆಗಳ ಫ್ಲ್ಯಾಟು. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಹೋದರೆ ಬರುವುದು ರಾತ್ರಿಗೆ. ಕೆಲವರ ಮಕ್ಕಳು ಸಮುದ್ರದಾಚೆಗೆ ನೆಲೆಸಿದ್ದಾರೆ. ಹೀಗಾಗಿ ಹತ್ತು ಹನ್ನೆರಡು ಮಂದಿ ಹಿರಿಯರು ಒಟ್ಟಿಗೆ ಇರುವ ಚಿಕ್ಕ ವಸತಿಗೃಹಗಳನ್ನು ನಮ್ಮವರೂ ಆಶ್ರಯಿಸುತ್ತಿದ್ದಾರೆ. ಪುಣೆಯ ಹೊರವಲಯದ ಅಂಥ ಒಂದು ಗೃಹಕ್ಕೆ ಪ್ರವಚನದ ನಿಮಿತ್ತ ಹೋಗಿಬರುವ ಅವಕಾಶ ನಮಗೆ ದೊರೆತಿದೆ. ಅಲ್ಲಿ ತಾಯಿಯೊಬ್ಬರು ಕೇಳಿದರು: “ಆಚಾರ್ಯರ, ಐವತ್ತು ವರ್ಷ ಹತ್ತು ಮಂದಿಗೆ ಬಡಿಸಿದ ಕೈ ಇದು. ಈಗ ಒಂದು ತಂಬಿಗೆ ನೀರಿಗೂ ಇನ್ನೊಬ್ಬರ ಮಾರಿ ನೋಡಬೇಕಾಗೇದ. ಇದು ಯಾವ ಜನ್ಮದ ಪಾಪರೀ?”

ಆ ತಾಯಿಯ ಪ್ರಶ್ನೆಗೆ ಸಿದ್ಧಾಂತವೇ ಉತ್ತರ ಕೊಡುತ್ತದೆ. ಹತ್ತು ಮಂದಿಗೆ ಬಡಿಸುತ್ತಿದ್ದ ದಿನಗಳಲ್ಲಿಯೂ ಆ ಕೈ ಪರಾಧೀನವಾಗಿಯೇ ಇತ್ತು. ಎತ್ತುವ ಶಕ್ತಿಯನ್ನು ಕೊಟ್ಟವನು ಶ್ರೀಹರಿ. ಒಳಗಿದ್ದು ಉಸಿರಾಡಿಸಿದವರು ಮುಖ್ಯಪ್ರಾಣದೇವರು. ಅಂದು ಆಸರೆ ಕಣ್ಣಿಗೆ ಕಾಣುತ್ತಿರಲಿಲ್ಲ, ಇಂದು ಮತ್ತೊಬ್ಬ ಮನುಷ್ಯರ ರೂಪದಲ್ಲಿ ಕಾಣುತ್ತಿದೆ, ಭೇದವಿರುವುದು ಇಷ್ಟೇ. ಜೀವನ ಸ್ವರೂಪವೇ ಪಾರತಂತ್ರ್ಯವಾಗಿರುವಾಗ ಅದು ವಾರ್ಧಕ್ಯದಲ್ಲಿ ಬಂದೊದಗುವ ಅವಮಾನವಾಗುವುದು ಹೇಗೆ? ‘ನಾನೇ ತಂದೆತಾಯಿಗಳನ್ನು ಸಾಕುತ್ತಿದ್ದೇನೆ’ ಎಂದು ಬೀಗುವ ಮಗನೂ ಅಷ್ಟೇ ಪರತಂತ್ರನು. ಹಿಡಿಯುವ ಕೈ, ಹಿಡಿಸಿಕೊಳ್ಳುವ ಕೈ ಎರಡನ್ನೂ ಆಡಿಸುವವನು ಒಬ್ಬನೇ.

ಇನ್ನೊಂದು ಮಾತು. ಜೀವನು ಹರಿಯ ದಾಸನು. ಕಚೇರಿಯ ನೌಕರಿಗೆ ನಿವೃತ್ತಿಯುಂಟು, ದಾಸತ್ವಕ್ಕೆ ನಿವೃತ್ತಿಯಿಲ್ಲ. ಪ್ರತಿಯೊಬ್ಬರಲ್ಲಿಯೂ ವಾಯುದೇವರು ದಿನವೊಂದಕ್ಕೆ ೨೧,೬೦೦ ಶ್ವಾಸಗಳ ರೂಪದಲ್ಲಿ ಹಂಸಮಂತ್ರದ ಜಪವನ್ನು ಮಾಡುತ್ತ ಮಾಡಿಸುತ್ತಿದ್ದಾರೆ ಎಂಬುದು ನಮ್ಮ ಸಂಪ್ರದಾಯದ ಅನುಸಂಧಾನ. ಹಾಸಿಗೆಯಿಂದ ಏಳಲಾರದವರಲ್ಲಿಯೂ, ಮಕ್ಕಳ ಹೆಸರನ್ನೇ ಮರೆತವರಲ್ಲಿಯೂ ಆ ಜಪ ನಿಂತಿಲ್ಲ. ಅದನ್ನು ಶ್ರೀಹರಿಗೆ ಸಮರ್ಪಿಸುವ ಒಂದು ಸ್ಮರಣೆ ಸಾಧ್ಯವಾದರೆ, ಮಲಗಿದಲ್ಲಿಯೇ ಸೇವೆ ನಡೆಯುತ್ತದೆ. ಆದುದರಿಂದ ‘ನನ್ನಿಂದ ಇನ್ನೇನೂ ಆಗದು’ ಎಂಬ ಮಾತು ವೈಷ್ಣವನ ಬಾಯಲ್ಲಿ ಬರತಕ್ಕದ್ದಲ್ಲ.

ಈ ಕಾರಣದಿಂದಲೇ, ಆ ಗೃಹದ ದಿನಚರಿಯಲ್ಲಿ ಹಿರಿಯರಿಗೆ ಕೊಟ್ಟಿರುವ ಕೆಲಸಗಳು ನಮ್ಮ ಮನಸ್ಸಿಗೆ ಹಿಡಿಸಿದವು. ಬೆಳಗಿನ ಜಾವ ಎಚ್ಚರವಾದವರು ಹಾಸಿಗೆಯ ಮೇಲೆಯೇ ಉದಯರಾಗವನ್ನು ಹೇಳಿಕೊಳ್ಳುತ್ತಾರೆ. ಸ್ನಾನವಾದ ಬಳಿಕ ಗಂಡಸರು ಗೋಪೀಚಂದನ ಧರಿಸಿ, ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕುಳಿತೇ ಸಂಧ್ಯಾವಂದನೆ ಮಾಡುತ್ತಾರೆ. ಒಬ್ಬರು ಗಂಧ ತೇಯುತ್ತಾರೆ. ಮತ್ತೊಬ್ಬರು ಕುಂಡಗಳಲ್ಲಿರುವ ತುಳಸಿಗೆ ನೀರೆರೆಯುತ್ತಾರೆ. ಮಧ್ಯಾಹ್ನದ ವಿಶ್ರಾಂತಿಯ ಬಳಿಕ ಹೆಂಗಸರು ಹತ್ತಿಯನ್ನು ಬಿಡಿಸಿ ಹೂಬತ್ತಿ, ಗೆಜ್ಜೆವಸ್ತ್ರಗಳನ್ನು ಮಾಡುತ್ತಾರೆ. ಕಣ್ಣು ಮಂಜಾದವರಿಗೂ ಬೆರಳಿನ ಅಭ್ಯಾಸ ತಪ್ಪುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಂಧಿ ಹರಿಕಥಾಮೃತಸಾರದ ಪಾರಾಯಣ. ಮರೆವಿನ ರೋಗವುಳ್ಳ ತಾಯಿಯೊಬ್ಬರು ತಾವಿರುವ ಊರು ಯಾವುದೆಂದು ಹೇಳಲಾರರು. ಯಾರಾದರೂ ಲಕ್ಷ್ಮೀಶೋಭಾನೆಯನ್ನು ಆರಂಭಿಸಿದರೆ ನುಡಿ ತಪ್ಪದೆ ಜೊತೆಗೂಡುತ್ತಾರೆ. ಬಾಲ್ಯದಲ್ಲಿ ಕಲಿತ ಹಾಡು ಬಹಳ ಕಾಲ ಉಳಿಯುತ್ತದೆಂಬುದನ್ನು ವೈದ್ಯರೂ ಒಪ್ಪುತ್ತಾರೆ. ನಮ್ಮ ಮಕ್ಕಳಿಗೆ ಇಂದು ಏನನ್ನು ಕಲಿಸುತ್ತಿದ್ದೇವೆ ಎಂಬುದನ್ನು ತಂದೆತಾಯಿಗಳು ಇಲ್ಲಿ ಯೋಚಿಸಬೇಕು.

ಋತುಗಳು ಬದಲಾದಂತೆ ಸೇವೆಯೂ ಬದಲಾಗುತ್ತದೆ. ಚೈತ್ರದ ಯುಗಾದಿಯಂದು ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಪಂಚಾಂಗ ಓದುತ್ತಾರೆ, ಉಳಿದವರು ಬೇವುಬೆಲ್ಲ ಕೈಯಲ್ಲಿ ಹಿಡಿದು ಕೇಳುತ್ತಾರೆ. ರಾಮನವಮಿಗೆ ಪಾನಕ, ಕೋಸಂಬರಿ, ಮಜ್ಜಿಗೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಬೇಸಿಗೆಯಲ್ಲಿ ವೃದ್ಧರು ನೀರು ಕೇಳದೆಯೇ ನಿತ್ರಾಣರಾಗುತ್ತಾರೆ. ಕೇಳದಿದ್ದರೂ ಕೊಡುವ ಈ ಪಾನಕದಾನದಲ್ಲಿ ನಮ್ಮ ಹಿರಿಯರ ವಿವೇಕ ಅಡಗಿದೆ.

ಆಷಾಢ ಶುಕ್ಲದಲ್ಲಿ ಚಾತುರ್ಮಾಸ್ಯ ಆರಂಭವಾಗುತ್ತದೆ. ಮೊದಲ ತಿಂಗಳು ಶಾಕವ್ರತ, ಎರಡನೆಯದು ದಧಿವ್ರತ, ಮೂರನೆಯದು ಕ್ಷೀರವ್ರತ, ನಾಲ್ಕನೆಯದು ದ್ವಿದಳವ್ರತ. ಅಡುಗೆಯ ಪದ್ಧತಿಯನ್ನು ಹೇಳಿಕೊಡುವವರು ಹಿರಿಯರೇ. ಯಾವ ತಿಂಗಳಲ್ಲಿ ಯಾವುದು ವರ್ಜ್ಯವೆಂದು ಅಡುಗೆಯವರು ಬಂದು ಅವರನ್ನೇ ಕೇಳಬೇಕು. ಒಂದು ಕೋಣೆಗೆ ಮೀಸಲಾದವರು ಈ ನಾಲ್ಕು ತಿಂಗಳು ಮನೆಯ ಯಜಮಾನಿಯರಾಗುತ್ತಾರೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಒದ್ದೆ ಮಡಿಯುಟ್ಟು ಶೀತ ಹಿಡಿಸಿಕೊಳ್ಳುವ ಹಟವನ್ನು ಎಂಬತ್ತರ ಹರೆಯದವರು ಬಿಡಬೇಕು. ಒದ್ದೆ ನೆಲದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡ ವೃದ್ಧರು ಪುನಃ ಮೊದಲಿನಂತೆ ನಡೆದಾಡುವುದು ಕಷ್ಟ.

ಏಕಾದಶಿಯ ವಿಷಯದಲ್ಲಿಯೂ ಒಂದು ಮಾತನ್ನು ಹೇಳಲೇಬೇಕಾಗಿದೆ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಈ ವ್ರತದ ಮಹಿಮೆಯನ್ನು ವಿಸ್ತಾರವಾಗಿ ತಿಳಿಸಿದ್ದಾರೆ. ಶಕ್ತರು ಅದನ್ನು ಎಂದಿಗೂ ಬಿಡತಕ್ಕದ್ದಲ್ಲ. ಆದರೆ ಎಂಟು ತುಂಬದ ಮಕ್ಕಳಿಗೂ ಎಂಬತ್ತು ದಾಟಿದ ವೃದ್ಧರಿಗೂ ಧರ್ಮಶಾಸ್ತ್ರವೇ ಕಡ್ಡಾಯವನ್ನು ಸಡಿಲಿಸಿದೆ. ಔಷಧದಿಂದ ವ್ರತಭಂಗವಾಗದೆಂದೂ ಹೇಳಿದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ನಿರಾಹಾರರಾಗಿ ಎಂದಿನ ಪ್ರಮಾಣವನ್ನೇ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಎಚ್ಚರ ತಪ್ಪಬಹುದು. ಹಿಂದಿನ ದಿನವೇ ವೈದ್ಯರನ್ನೂ, ಮಠದ ವಿದ್ವಾಂಸರನ್ನೂ ಕೇಳಿ ಹಾಲು ಹಣ್ಣುಗಳ ವ್ಯವಸ್ಥೆ ಮಾಡಿಕೊಳ್ಳುವುದು ಅಧರ್ಮವಲ್ಲ. ಅಶಕ್ತರಾದ ಹಿರಿಯರು ಹಾಲು ಕುಡಿದುದನ್ನು ಕಂಡು ಕೊಂಕು ನುಡಿಯುವವರ ಉಪವಾಸಕ್ಕೆ ಫಲವೇನೆಂಬುದನ್ನು ಅವರೇ ವಿಚಾರಿಸಿಕೊಳ್ಳಲಿ.

ಕಾರ್ತಿಕದಲ್ಲಿ ಹಿರಿಯರ ಕೈಯಿಂದ ತಯಾರಾದ ಬತ್ತಿಗಳೇ ತುಳಸಿಯ ಮುಂದೆ ಉರಿಯುತ್ತವೆ, ಉತ್ಥಾನದ್ವಾದಶಿಯಂದು ತುಳಸೀವಿವಾಹ. ಧನುರ್ಮಾಸದ ಚಳಿಯಲ್ಲಿ ಬೆಳಕು ಹರಿಯುವ ಮೊದಲೇ ಬಿಸಿ ಹುಗ್ಗಿಯ ನೈವೇದ್ಯ. ರಥಸಪ್ತಮಿಯಂದು ಎಕ್ಕದ ಎಲೆಯಿಟ್ಟು ಸ್ನಾನ. ಅನಂತರ ಸೂರ್ಯಾಂತರ್ಗತನಾದ ನಾರಾಯಣನಿಗೆ ಅರ್ಘ್ಯ ಕೊಟ್ಟು ಎಲ್ಲರೂ ಅಂಗಳದ ಬಿಸಿಲಿನಲ್ಲಿ ಕೂರುತ್ತಾರೆ. ವರ್ಷವು ಹೀಗೆ ಹಬ್ಬದಿಂದ ಹಬ್ಬಕ್ಕೆ ಸಾಗುವಾಗ ಹಿರಿಯರಿಗೆ ಎದುರು ನೋಡುವ ದಿನವೊಂದು ಯಾವಾಗಲೂ ಮುಂದಿರುತ್ತದೆ. ಎದುರು ನೋಡಲು ಏನೂ ಇಲ್ಲದಿರುವುದೇ ವಾರ್ಧಕ್ಯದ ದೊಡ್ಡ ರೋಗ.

ಇನ್ನು ಸಂಕೋಚದ ವಿಷಯವೊಂದಿದೆ. ಇಂಥ ಗೃಹಗಳಲ್ಲಿ ಹಿರಿಯರನ್ನು ಎತ್ತಿ, ಮೀಯಿಸಿ, ಹಾಸಿಗೆಯನ್ನು ಶುಚಿಗೊಳಿಸುವ ಸಹಾಯಕಿಯರು ಬೇರೆ ಜಾತಿಯವರು, ಬೇರೆ ಭಾಷೆಯವರು. ‘ಮುಟ್ಟಬೇಡ’ ಎಂದು ಗದರಿಸುವ ಹಿರಿಯರನ್ನು ನಾವು ಕಂಡಿದ್ದೇವೆ. ಕಣ್ಣೀರೊರೆಸಿಕೊಂಡು ಹೊರಗೆ ಹೋದ ಸಹಾಯಕಿಯನ್ನೂ ಕಂಡಿದ್ದೇವೆ. ಮಡಿಯೆಂಬುದು ದೇವರ ಪೂಜೆಗಾಗಿ, ನೈವೇದ್ಯಕ್ಕಾಗಿ ಇರುವ ನಿಯಮ. ಮತ್ತೊಬ್ಬರನ್ನು ನೋಯಿಸಲು ಹಿಡಿದ ಆಯುಧವಲ್ಲ. ಸರ್ವಜೀವರ ಒಳಗೂ ಬಿಂಬರೂಪಿಯಾದ ಶ್ರೀಹರಿಯಿದ್ದಾನೆಂಬುದು ನಮ್ಮ ಸಿದ್ಧಾಂತವಾದರೆ, ನಡುರಾತ್ರಿ ಬಿದ್ದವರನ್ನು ಎತ್ತಿದ ಕೈಯೊಳಗೆ ಅವನಿಲ್ಲವೇ? ಆ ಕೈಯನ್ನು ತಿರಸ್ಕರಿಸುವುದು ಒಳಗಿರುವವನನ್ನೇ ತಿರಸ್ಕರಿಸಿದಂತೆ. ಆ ಮರಾಠಿ ‘ಮಾವಶಿ’ಗೆ ಎರಡು ಒಳ್ಳೆಯ ಮಾತು ಹೇಳುವುದೂ ಹರಿಸೇವೆಯೇ.

ಈಗ ಮಕ್ಕಳ ಕರ್ತವ್ಯವನ್ನು ನೋಡೋಣ. ತಂದೆತಾಯಿಗಳನ್ನು ಬೇರೆಡೆ ಇರಿಸಿದ ಮಾತ್ರಕ್ಕೆ ಪಾಪವೇ ಎಂದು ಅನೇಕರು ಕುಗ್ಗಿದ ಮುಖದಿಂದ ಕೇಳುತ್ತಾರೆ. ಮಹಾಭಾರತದ ಆಶ್ರಮವಾಸಿಕ ಪರ್ವವನ್ನು ನೆನೆಯಿರಿ. ಯುದ್ಧಾನಂತರ ೧೫ ವರ್ಷ ಯುಧಿಷ್ಠಿರನ ಆಶ್ರಯದಲ್ಲಿದ್ದ ಧೃತರಾಷ್ಟ್ರನು ಗಾಂಧಾರಿಯೊಡನೆ ಅರಣ್ಯಕ್ಕೆ ಹೊರಟನು. ಮಕ್ಕಳು ಎಷ್ಟು ಬೇಡಿಕೊಂಡರೂ ಕೇಳದೆ ಕುಂತೀದೇವಿಯೂ, ಜೊತೆಗೆ ವಿದುರ ಸಂಜಯರೂ ನಡೆದರು. ಪಾಂಡವರಿಗೆ ಅರಮನೆಯಲ್ಲಿ ಸುಖವೆನಿಸಲಿಲ್ಲ. ರಾಜ್ಯಭಾರವನ್ನು ಬದಿಗಿರಿಸಿ, ಹೆಂಡಂದಿರೊಡನೆ ಅವರನ್ನು ಕಾಣಲು ಕಾಡಿಗೆ ಹೋದರು. ಒಂದು ತಿಂಗಳಿಗೂ ಮಿಕ್ಕಿ ಅಲ್ಲಿಯೇ ಉಳಿದರು. ಹಿರಿಯರು ಬೇರೆ ನೆಲೆಯಲ್ಲಿದ್ದುದರಿಂದ ಧರ್ಮಕ್ಕೆ ಹಾನಿಯಾಗಲಿಲ್ಲ, ಏಕೆಂದರೆ ಬಾಂಧವ್ಯದ ಎಳೆ ಹರಿಯಲಿಲ್ಲ. ಚಕ್ರವರ್ತಿಗೆ ಸಿಕ್ಕ ಬಿಡುವು ನಮಗೆ ಸಿಗದೆಂದರೆ ಯಾರು ನಂಬಬೇಕು?

ಶ್ರೀಮದಾಚಾರ್ಯರ ಚರಿತ್ರೆಯಲ್ಲಿಯೇ ಇದಕ್ಕಿಂತ ಸಮೀಪದ ನಿದರ್ಶನವಿದೆ. ಪಾಜಕದಲ್ಲಿ ಅವತರಿಸಿದ ವಾಸುದೇವನು ಸಂನ್ಯಾಸಕ್ಕೆ ನಿಶ್ಚಯಿಸಿದಾಗ, ಮುಪ್ಪಿನಲ್ಲಿ ನಮಗೆ ದಿಕ್ಕಾರೆಂದು ಮಾತಾಪಿತೃಗಳು ವ್ಯಥೆಪಟ್ಟರು. ಜಗದ್ಗುರುವಾಗಿ ಬಂದ ಮಹಾಮಹಿಮನು ಆ ವ್ಯಥೆಯನ್ನು ಕಡೆಗಣಿಸಲಿಲ್ಲ. ಅವರನ್ನು ನೋಡಿಕೊಳ್ಳಲು ತಮ್ಮನೊಬ್ಬನು ಹುಟ್ಟುವವರೆಗೆ ಕಾದು, ಬಳಿಕವೇ ಅಚ್ಯುತಪ್ರೇಕ್ಷರಿಂದ ಆಶ್ರಮವನ್ನು ಸ್ವೀಕರಿಸಿದನೆಂದು ಸುಮಧ್ವವಿಜಯ ತಿಳಿಸುತ್ತದೆ. ಲೋಕೋದ್ಧಾರದ ಕಾರ್ಯವೇ ಕಾದಿದ್ದ ಮೇಲೆ ನಮ್ಮ ಬಡ್ತಿ, ವರ್ಗಾವಣೆಗಳ ತ್ವರೆ ಎಷ್ಟರದು?

ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಮೇಲೆ ಕಡ್ಡಾಯ ಮಾಡಿ ೨೦೦೭ರಲ್ಲಿ ಸಂಸತ್ತು ಕಾಯಿದೆಯನ್ನೇ ಅಂಗೀಕರಿಸಿತು. ತಿಂಗಳಿಗೆ ಗರಿಷ್ಠ ೧೦,೦೦೦ ರೂಪಾಯಿಗಳವರೆಗೆ ಜೀವನಾಂಶ ಕೊಡಿಸಲು ಅದರಲ್ಲಿ ಅವಕಾಶ ಕಲ್ಪಿಸಲಾಯಿತು. ಹಣವನ್ನು ಕಾಯಿದೆ ಕೊಡಿಸೀತು. ಹಾಸಿಗೆಯ ಪಕ್ಕದಲ್ಲಿ ಅರ್ಧ ಗಂಟೆ ಕೂರಿಸಲಾರದು. ಗೃಹದ ಶುಲ್ಕವನ್ನು ಬ್ಯಾಂಕಿನ ಮೂಲಕ ತಪ್ಪದೆ ಕಳುಹಿಸುವವರು ಅದರಿಂದಲೇ ಋಣ ತೀರಿತೆಂದು ಭಾವಿಸಬಾರದು. ಮಹಾಲಯಪಕ್ಷದಲ್ಲಿ ಅಗಲಿದ ಪಿತೃಗಳಿಗೆ ಎಳ್ಳುನೀರು ಬಿಡಲು ಮಠಕ್ಕೆ ಧಾವಿಸಿ ಬರುತ್ತೇವೆ. ಬದುಕಿರುವವರು ಕಿಟಕಿಯ ಬಳಿ ಕುಳಿತು ದಾರಿ ಕಾಯುತ್ತಿದ್ದರೆ ಆ ತರ್ಪಣ ಯಾರನ್ನು ತೃಪ್ತಿಗೊಳಿಸೀತು?

ಆದುದರಿಂದ ಓದುಗರಲ್ಲಿ ನಮ್ಮ ಬಿನ್ನಹ ಇಷ್ಟು. ಗೃಹವನ್ನು ಆರಿಸುವಾಗ ಸ್ನಾನದ ಮನೆಯ ನೆಲ ಜಾರದಂತಿದೆಯೇ, ಹಿಡಿದುಕೊಳ್ಳಲು ಕಂಬಿಯಿದೆಯೇ, ರಾತ್ರಿ ಕರೆದರೆ ಓಗೊಡುವವರಿದ್ದಾರೆಯೇ ಎಂಬುದನ್ನು ಸ್ವತಃ ನೋಡಿರಿ. ತಿಂಗಳಿಗೆ ಒಂದು ದ್ವಾದಶಿಯ ಪಾರಣೆಯನ್ನಾದರೂ ಅವರೊಡನೆ ಮಾಡಿರಿ. ಹೋದಾಗ ಬರಿಗೈಯಲ್ಲಿ ಕುಳಿತು ಕ್ಷೇಮಸಮಾಚಾರ ಕೇಳಿ ಏಳಬೇಡಿರಿ. ಅವರಿಂದ ಏನನ್ನಾದರೂ ಕೇಳಿ ಪಡೆಯಿರಿ. ಮನೆತನದ ಗೋತ್ರಪ್ರವರ, ಹಿರಿಯರ ತಿಥಿಗಳು, ಕುಲದೇವರ ಕ್ಷೇತ್ರ, ಹಬ್ಬದ ಅಡುಗೆಯ ಕ್ರಮ, ಹಳೆಯ ಹಾಡುಗಳು ಇವೆಲ್ಲ ಅವರೊಡನೆಯೇ ಹೊರಟುಹೋಗುವ ಸಂಪತ್ತು. ಮೊಮ್ಮಕ್ಕಳು ಪುಸ್ತಕ ಹಿಡಿದು ಬರೆದುಕೊಳ್ಳಲಿ, ಒಂದು ದೇವರನಾಮವನ್ನು ಕಲಿತು ಒಪ್ಪಿಸಲಿ. ಕೊಡುವವರಾದಾಗ ಹಿರಿಯರ ಬೆನ್ನು ನೇರವಾಗುತ್ತದೆ. ಹಿರಿಯರೂ ಮಕ್ಕಳನ್ನು ಶಪಿಸದೆ, ಬಂದಾಗ ನಗುಮುಖದಿಂದ ಬರಮಾಡಿಕೊಂಡು, ಹೊರಟಾಗ ಮಂತ್ರಾಕ್ಷತೆಯಿಟ್ಟು ಕಳುಹಿಸಲಿ.

ನಾವೆಲ್ಲರೂ ಇನ್ನೊಬ್ಬರ ತೋಳು ಹಿಡಿಯುವ ದಿನ ಬರಲಿದೆ. ಅಂದು ‘ಪರಾಧೀನನಾದೆ’ ಎಂಬ ದುಃಖ ಬಾರದೆ, ‘ಯಾವಾಗಲೂ ಹರಿಯ ಅಧೀನನಾಗಿಯೇ ಇದ್ದೆ, ಈಗ ಅದು ತಿಳಿಯಿತು’ ಎಂಬ ಅರಿವು ಮೂಡಲೆಂದು ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನನ್ನು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.