ಮನೆಯಲ್ಲಿ ಕಟ್ಟಿದ ಕಾರು ಮತ್ತು ಸುಳ್ಳಿನ ಎರಡು ಉಡುಪು

ದುಬಾರಿ ಕಾರೊಂದನ್ನು ಕೊಳ್ಳುವ ಸಾಮರ್ಥ್ಯವಿಲ್ಲದವನು ಅದರ ತದ್ರೂಪವನ್ನು ಮನೆಯಲ್ಲೇ ಸ್ವಂತ ಕೈಯಿಂದ ಕಟ್ಟಿಕೊಂಡರೆ ಅದರಲ್ಲಿ ತಪ್ಪೇನಿದೆ? ಅವನು ಕದ್ದಿಲ್ಲ. ಬಡ್ಡಿಯ ಸಾಲ ತಂದಿಲ್ಲ. ಬೆವರು ಅವನದು, ಹಣ ಅವನದು, ತಗಡು ಅವನದು. ಇಂಥವನನ್ನು ಮೆಚ್ಚಬೇಕೇ ಹೊರತು ವಿಚಾರಣೆಗೆ ಒಳಪಡಿಸುವುದೇಕೆ ಎಂದು ಓದುಗರು ಕೇಳಬಹುದು. ಆದರೆ ಕೆಲವು ಪ್ರಶ್ನೆಗಳು ನೋಡಲು ಚಿಕ್ಕವು, ಬಿಡಿಸುತ್ತಾ ಹೋದರೆ ಮನುಷ್ಯನ ಅಂತರಂಗದವರೆಗೂ ಹೋಗುತ್ತವೆ. ಇದೂ ಅಂಥ ಒಂದು ಪ್ರಶ್ನೆ.

ಪಾಶ್ಚಾತ್ಯ ದೇಶಗಳಲ್ಲಿ ಇದು ಹಲವು ದಶಕಗಳ ಹವ್ಯಾಸ. ಅಮೆರಿಕದ ಪಾಂಟಿಯಾಕ್ ಕಂಪೆನಿಯ ಫಿಯೆರೋ ಎಂಬ ಎರಡು ಆಸನಗಳ ಸಣ್ಣ ಕಾರು 1984ರಿಂದ 1988ರವರೆಗಿನ ಮಾದರಿಗಳಲ್ಲಿ ಬಂತು. ಅದರ ಇಂಜಿನ್ ಇದ್ದದ್ದು ಸೀಟಿನ ಹಿಂಭಾಗದಲ್ಲಿ. ಹೊರಮೈಯು ಉಕ್ಕಿನ ಹಂದರಕ್ಕೆ ಜೋಡಿಸಿದ ಪ್ಲಾಸ್ಟಿಕ್ ಫಲಕಗಳಿಂದಾಗಿತ್ತು. ಫಲಕಗಳನ್ನು ಕಳಚಿದರೂ ಹಂದರಕ್ಕೆ ಏನೂ ಆಗುತ್ತಿರಲಿಲ್ಲ. ಇಟಲಿಯ ಫೆರಾರಿ, ಲ್ಯಾಂಬೊರ್ಗಿನಿ ಕಂಪೆನಿಗಳ ಹಲವು ಕಾರುಗಳಲ್ಲಿಯೂ ಇಂಜಿನ್ ಹೀಗೆಯೇ ಹಿಂದೆ ಇರುವುದರಿಂದ, ಈ ಹಂದರದ ಮೇಲೆ ಫೈಬರ್ ಗ್ಲಾಸಿನ ಹೊಸ ಮೈಯನ್ನು ಹೊದಿಸಿದರೆ ಬೀದಿಯಲ್ಲಿ ನಿಂತವನ ಕಣ್ಣಿಗೆ ಅದು ಫೆರಾರಿಯೇ! ಸಾಲದ್ದಕ್ಕೆ ಮೂತಿಯ ಮೇಲೊಂದು ಕುದುರೆಯ ಲಾಂಛನವನ್ನು ಅಂಟಿಸುವವರೂ ಇದ್ದರು.

ಎಲ್ಲರೂ ಹೀಗೆ ಸಿದ್ಧ ಮೈಯನ್ನು ತರಿಸಿಕೊಂಡವರಲ್ಲ. ವಿಸ್ಕಾನ್ಸಿನ್ ರಾಜ್ಯದ ಒಬ್ಬಾತ ಚಲನಚಿತ್ರವೊಂದರಲ್ಲಿ ಕಂಡ ಲ್ಯಾಂಬೊರ್ಗಿನಿ ಕೌಂಟಾಶ್ ಕಾರಿಗೆ ಮನಸೋತು, ಅದರ ಪ್ರತಿಯನ್ನು ತನ್ನ ಮನೆಯ ನೆಲಮಾಳಿಗೆಯಲ್ಲಿ ಕಟ್ಟಿದ. ಮೊದಲು ಮರದಲ್ಲಿ ಕಾರಿನ ಆಕಾರದ ಅಚ್ಚನ್ನು ಮಾಡಿಕೊಂಡು, ಅಲ್ಯೂಮಿನಿಯಂ ತಗಡನ್ನು ಅದಕ್ಕೆ ತಕ್ಕಂತೆ ಉಜ್ಜಿ, ಬಡಿದು, ಬಗ್ಗಿಸಿ ಜೋಡಿಸುತ್ತಾ ಹೋದ. ಮುಗಿಯಲು ಹಿಡಿದದ್ದು 17 ವರ್ಷ. ಮುಗಿದ ಮೇಲೆ ಕಾರನ್ನು ಹೊರತರಲು ದಾರಿಯಿಲ್ಲದೆ, ಮನೆಯ ಪಕ್ಕದ ನೆಲವನ್ನು ಯಂತ್ರದಿಂದ ಅಗೆಸಿ, ಗೋಡೆ ಒಡೆಸಿ ಎಳೆದು ತರಬೇಕಾಯಿತು. ಕೇಳಿದವರು ನಗಬಹುದು. ಆದರೆ ಒಂದು ಮಾತನ್ನು ಗಮನಿಸಬೇಕು. ಆ ದೀರ್ಘಕಾಲದುದ್ದಕ್ಕೂ ನೆಲದಡಿಯ ಆ ಕಾರನ್ನು ನೋಡಿ ಬೆರಗಾಗಲು ಅಲ್ಲಿ ಬೀದಿಯಿರಲಿಲ್ಲ. ಹೊಗಳಿಕೆಯ ಹಸಿವು ಮಾತ್ರವೇ ಆಗಿದ್ದರೆ ಅಷ್ಟು ಕಾಲ ಸುತ್ತಿಗೆ ಹಿಡಿಯುವುದು ಕಷ್ಟ. ಅಲ್ಲಿ ಕೆಲಸದ ಮೇಲಿನ ಪ್ರೀತಿಯೂ ಇತ್ತೆಂದು ಒಪ್ಪಲೇಬೇಕು.

ಇಸ್ಲಾಮ್ ಇಂಥ ಪ್ರೀತಿಯನ್ನು ಕಡೆಗಣಿಸುವುದಿಲ್ಲ. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನೆಂದೂ, ಕವಚಗಳನ್ನು ತಯಾರಿಸುವಾಗ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂದು ಆದೇಶಿಸಿದನೆಂದೂ ಸೂರಃ ಸಬಾದಲ್ಲಿದೆ. ರಾಜನಾಗಿದ್ದ ಒಬ್ಬ ಪ್ರವಾದಿಗೆ ಲೋಹದ ಕೆಲಸದ ಅಳತೆಯನ್ನು ಕಲಿಸಲಾಯಿತೆಂದರೆ ಕೈಕಸುಬಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದು? ಮನುಷ್ಯನು ತಿನ್ನುವ ಆಹಾರದಲ್ಲಿ ಅವನ ಸ್ವಂತ ಕೈದುಡಿಮೆಯದಕ್ಕಿಂತ ಉತ್ತಮವಾದುದಿಲ್ಲವೆಂದು ಹೇಳುವಾಗ ಪ್ರವಾದಿವರ್ಯರು(ಸ) ಉದಾಹರಿಸಿದ್ದು ದಾವೂದ್(ಅ)ರನ್ನೇ. ಒಳ್ಳೆಯ ಉಡುಪನ್ನೂ ಒಳ್ಳೆಯ ಪಾದರಕ್ಷೆಯನ್ನೂ ಬಯಸುವುದು ಅಹಂಕಾರವೇ ಎಂದು ಕೇಳಿದವರಿಗೆ ಅಲ್ಲಾಹನು ಸೌಂದರ್ಯವನ್ನು ಪ್ರೀತಿಸುತ್ತಾನೆಂದೂ, ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದೂ ಅವರು ಉತ್ತರಿಸಿದರು. ಹೀಗಿರುವಾಗ ಅಂದವಾದ ಆಕಾರವೊಂದನ್ನು ಕಂಡು ಅಂಥದ್ದೇ ಒಂದನ್ನು ಮಾಡಬೇಕೆನಿಸುವುದರಲ್ಲಿ ದೋಷವಿಲ್ಲ. ನಿರ್ಜೀವ ವಸ್ತುವಿನ ಪ್ರತಿರೂಪ ಮಾಡುವುದನ್ನು ಚಿತ್ರ ನಿಷೇಧದೊಂದಿಗೆ ಬೆರೆಸುವ ಅಗತ್ಯವೂ ಇಲ್ಲ. ಚಿತ್ರ ರಚನೆಯಿಂದಲೇ ಜೀವಿಸುತ್ತಿದ್ದವನಿಗೆ ಮರ ಮುಂತಾದ ಪ್ರಾಣವಿಲ್ಲದವುಗಳನ್ನು ಬಿಡಿಸೆಂದು ಇಬ್ನು ಅಬ್ಬಾಸ್(ರ) ಸಲಹೆ ಕೊಟ್ಟದ್ದು ಪ್ರಸಿದ್ಧವಾಗಿದೆ.

ಹಾಗಾದರೆ ತಪ್ಪು ಎಲ್ಲಿಂದ ಆರಂಭವಾಗುತ್ತದೆ?

ಅಮೆರಿಕದಲ್ಲಿ ಈ ಪ್ರಶ್ನೆ ಇನ್ನೊಂದು ರೀತಿಯಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಅದು ಹವ್ಯಾಸದ ವಿಷಯವಲ್ಲ, ವ್ಯಾಪಾರದ ವಿಷಯ. ತಯಾರಕನೊಬ್ಬ ಫೆರಾರಿಯ ಡೇಟೋನಾ ಸ್ಪೈಡರ್ ಮತ್ತು ಟೆಸ್ಟರೋಸಾ ಕಾರುಗಳ ಮೈಯನ್ನು ಫೈಬರ್ ಗ್ಲಾಸಿನಲ್ಲಿ ಎರಕಹೊಯ್ದು, ಅಸಲಿಯ ಬೆಲೆಯ ಒಂದು ಸಣ್ಣ ಭಾಗಕ್ಕೆ ಮಾರುತ್ತಿದ್ದ. ಹೊಸ ಟೆಸ್ಟರೋಸಾದ ಬೆಲೆ ಆಗ 2 ಲಕ್ಷ ಡಾಲರಿಗೂ ಮೇಲಿತ್ತು. ಫೆರಾರಿ ದಾವೆ ಹೂಡಿತು. ನನ್ನಿಂದ ಕೊಳ್ಳುವವನಿಗೆ ಇದು ಫೆರಾರಿಯಲ್ಲವೆಂದು ಮೊದಲೇ ಹೇಳುತ್ತೇನೆ, ಆದ್ದರಿಂದ ಯಾರೂ ಮೋಸಹೋಗಿಲ್ಲ ಎಂಬುದು ಅವನ ವಾದ. 1991ರಲ್ಲಿ ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಕೊಂಡವನಿಗೆ ಗೊತ್ತಿದ್ದರೂ ಬೀದಿಯಲ್ಲಿ ನೋಡುವ ಜನರಿಗೆ ಗೊತ್ತಿಲ್ಲ, ಅವರು ಇದನ್ನು ಫೆರಾರಿಯೆಂದೇ ತಿಳಿಯುತ್ತಾರೆ, ಅದರಿಂದ ಫೆರಾರಿಯ ಹೆಸರಿಗೆ ಕುಂದು ಎಂದು ಬಹುಮತದ ತೀರ್ಪು ಹೇಳಿತು. ಪೀಠದ ಒಬ್ಬ ನ್ಯಾಯಾಧೀಶೆ ಭಿನ್ನಮತ ಬರೆದರು. ಕಾನೂನಿರುವುದು ಗ್ರಾಹಕನ ಗೊಂದಲವನ್ನು ತಡೆಯಲು, ವಸ್ತುವಿನ ವಿರಳತೆಯನ್ನು ಕಾಪಾಡಲು ಅಲ್ಲ ಎಂಬುದು ಅವರ ನಿಲುವಿನ ತಿರುಳು.

ಭಿನ್ನಮತದಲ್ಲಿ ತೂಕವಿದೆ. ಸಿರಿವಂತನೊಬ್ಬನ ವಾಹನ ಅಪರೂಪದ್ದಾಗಿಯೇ ಉಳಿಯಬೇಕೆಂಬುದು ಸಮಾಜ ಹೊರಬೇಕಾದ ಹೊಣೆಯೇನಲ್ಲ. ಆದರೆ ಬಹುಮತದ ತೀರ್ಪು ಒಂದು ಸೂಕ್ಷ್ಮ ಸತ್ಯವನ್ನು ಮುಟ್ಟಿದೆಯೆಂಬುದನ್ನೂ ಅಲ್ಲಗಳೆಯಲಾಗದು. ಮಾರುವವನು ಮತ್ತು ಕೊಳ್ಳುವವನು ಇಬ್ಬರೂ ನಿಜವನ್ನೇ ಆಡಿಕೊಂಡು, ಮೂರನೆಯವನಿಗಾಗಿ ಒಂದು ಸುಳ್ಳನ್ನು ಸಿದ್ಧಪಡಿಸಲು ಸಾಧ್ಯ. ಆ ಮೂರನೆಯವನೇ ಬೀದಿಯಲ್ಲಿ ನಿಂತು ನೋಡುವವನು.

ಈ ಮೂರನೆಯವನ ಬಗ್ಗೆ ಮದೀನಾದಲ್ಲಿ ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿ ಕೇಳಿದ್ದರು. ನನಗೊಬ್ಬಳು ಸವತಿಯಿದ್ದಾಳೆ, ಗಂಡ ನನಗೆ ಕೊಡದಿರುವುದನ್ನು ಕೊಟ್ಟಿದ್ದಾನೆಂದು ಅವಳೆದುರು ತೋರಿಸಿಕೊಂಡರೆ ತಪ್ಪೇ ಎಂಬುದು ಅವರ ಪ್ರಶ್ನೆ. ತನಗೆ ಸಿಗದಿರುವುದು ಸಿಕ್ಕಿದೆಯೆಂದು ನಟಿಸುವವನು ಸುಳ್ಳಿನ ಎರಡು ಉಡುಪುಗಳನ್ನು ತೊಟ್ಟವನಂತೆ ಎಂದು ಅವರು(ಸ) ಉತ್ತರಿಸಿದರು. ಹ. ಅಸ್ಮಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ಇಲ್ಲಿ ಬಳಸಿದ ಅರಬಿ ಪದದ ಮೂಲಾರ್ಥ ಹೊಟ್ಟೆ ತುಂಬುವುದಕ್ಕೆ ಸಂಬಂಧಿಸಿದ್ದು. ಹಸಿದಿದ್ದೂ ಉಂಡು ತೇಗುವವನಂತೆ ನಟಿಸುವವನು ಎಂದರ್ಥ. ಇನ್ನು ಎರಡು ಉಡುಪು ಏಕೆ? ಅರಬರ ಪೋಷಾಕು ಸೊಂಟಕ್ಕೊಂದು, ಹೆಗಲಿಗೊಂದು ಎಂದು ಎರಡು ವಸ್ತ್ರಗಳಿಂದಾಗಿತ್ತು. ಅಂದರೆ ಅಡಿಯಿಂದ ಮುಡಿಯವರೆಗೂ ಸುಳ್ಳನ್ನೇ ಹೊದ್ದಂತೆ ಎಂಬ ವಿವರಣೆಯಿದೆ.

ಕುತೂಹಲದ ಸಂಗತಿಯೆಂದರೆ, ಇದೇ ಅಸ್ಮಾ(ರ)ರಿಂದ ಅವರ ತಂಗಿ ಹ. ಆಯಿಶಾ(ರ) ಒಂದು ಪ್ರಯಾಣಕ್ಕಾಗಿ ಕಂಠಹಾರವನ್ನು ಎರವಲು ಪಡೆದಿದ್ದರು. ಅದು ದಾರಿಯಲ್ಲಿ ಕಳೆದುಹೋಗಿ, ಹುಡುಕಲು ಜನರನ್ನು ಕಳುಹಿಸಿ, ಆ ಸಂದರ್ಭದಲ್ಲೇ ತಯಮ್ಮುಮ್‌ನ ಸೂಕ್ತ ಅವತೀರ್ಣವಾಯಿತು. ತನ್ನದಲ್ಲದ ಆಭರಣವನ್ನು ತೊಡುವುದೇ ಸುಳ್ಳಾಗಿದ್ದರೆ ಆ ಮನೆಯಲ್ಲಿ ಅದು ನಡೆಯುತ್ತಿರಲಿಲ್ಲ. ಎರವಲು ಎರವಲೆಂದೇ ಇರುವವರೆಗೆ ಅದು ಅಲಂಕಾರ. ನನ್ನ ಗಂಡ ಕೊಟ್ಟದ್ದು ಎಂದೊಡನೆ ಅದು ಸುಳ್ಳಿನ ಉಡುಪು. ಕಾರಿಗೂ ಇದೇ ಅಳತೆಗೋಲು. ಆಕಾರವನ್ನು ಎರವಲು ಪಡೆದದ್ದು ಕಸುಬು. ಮೂತಿಯ ಮೇಲೆ ಅಂಟಿಸಿದ ಆ ಕುದುರೆಯ ಲಾಂಛನ ಮಾತ್ರ ಒಂದು ಹೇಳಿಕೆ, ಅದೂ ಸುಳ್ಳು ಹೇಳಿಕೆ. ಲಾಂಛನವಿಲ್ಲದಿದ್ದರೂ, ಪೆಟ್ರೋಲ್ ಬಂಕಿನಲ್ಲಿ ಹುಡುಗನೊಬ್ಬ ಓಡಿಬಂದು ಇದು ಫೆರಾರಿಯೇ ಎಂದು ಕೇಳಿದಾಗ ಮುಗುಳ್ನಕ್ಕು ಸುಮ್ಮನಿರುವುದೂ ಹೇಳಿಕೆಯೇ. ಅಲ್ಲ, ನಾನೇ ಕಟ್ಟಿದ್ದು ಎಂದರೆ ಹುಡುಗನ ಬೆರಗು ಇನ್ನಷ್ಟು ಹೆಚ್ಚಬಹುದು. ಆಗ ಆ ಮೆಚ್ಚುಗೆ ಸಲ್ಲಬೇಕಾದ ಕೈಗೇ ಸಲ್ಲುತ್ತದೆ.

ಸುಳ್ಳಿನ ಕೇಡು ನಟಿಸುವವನಲ್ಲಿಯೇ ನಿಲ್ಲುವುದಿಲ್ಲ. ಕಾರೂನನು ತನ್ನ ವೈಭವದೊಂದಿಗೆ ಜನರ ಮುಂದೆ ಹೊರಟಾಗ ಇಹಲೋಕದ ಆಸೆಯುಳ್ಳವರು ಹಂಬಲಿಸಿದ್ದು ಕಾರೂನನ ಸಂಪತ್ತಿಗಾಗಿ ಅಲ್ಲ, ಕಾರೂನನಿಗೆ ಸಿಕ್ಕಿದಂಥದ್ದು ತಮಗೂ ಸಿಗಲೆಂದು. ಸೂರಃ ಅಲ್ ಕಸಸ್‌ನ ಈ 'ಅಂಥದ್ದು' ಎಂಬ ಪದ ಚಿಂತನೆಗೆ ಅರ್ಹವಾಗಿದೆ. ನಕಲು ಕಾರಿನಲ್ಲಿ ಬೀದಿಗಿಳಿದು ಅಸಲಿಯೆಂದು ಮೆರೆಯುವವನು ಆ ಹಂಬಲವನ್ನು ತಾನು ತೀರಿಸಿಕೊಂಡಂತೆ ನಟಿಸಿ, ಅದೇ ಹಂಬಲವನ್ನು ಇತರರಲ್ಲಿ ಬಿತ್ತುತ್ತಾನೆ. ನೋಡಿದ ಬಡವ ಇಲ್ಲದ ಸಂಪತ್ತಿನ ಮುಂದೆ ತನ್ನನ್ನು ಕೀಳೆಂದು ಭಾವಿಸುತ್ತಾನೆ. ಅಸಲಿ ಕಾರೂನನ ಎದುರಿಗಾದರೂ ಸಂಪತ್ತು ಎಂಬುದೊಂದಿತ್ತು!

ನಮ್ಮ ಮದುವೆಗಳತ್ತ ಒಮ್ಮೆ ನೋಡಿದರೆ ಕಾರಿನ ಮಾತು ಅಷ್ಟೇನೂ ದೂರದ್ದಲ್ಲ. ಬಾಡಿಗೆಗೆ ತಂದ ಆಭರಣವನ್ನು ತವರಿನವರು ಕೊಟ್ಟದ್ದೆಂದು ಹೇಳಿಸುವುದು, ಅದನ್ನು ಕಂಡ ಇನ್ನೊಬ್ಬ ತಂದೆ ತನ್ನ ಮಗಳಿಗೂ ಅಷ್ಟು ಕೊಡಲು ಸಾಲಕ್ಕೆ ಇಳಿಯುವುದು. ಅವನು ತೀರಿಸುವ ಸಾಲ ಮಾತ್ರ ನಕಲಿಯಲ್ಲ.

ಕಾರಿನಲ್ಲಿ ಇನ್ನೂ ಒಂದು ವಿಷಯವಿದೆ, ಅದು ಪ್ರಾಣದ್ದು. ಆಕಾರವೂ ಒಂದು ವಾಗ್ದಾನ. ವೇಗದ ಕಾರಿನ ಮೈಯೊಳಗೆ ಸಣ್ಣ ಕಾರಿನ ಬ್ರೇಕು, ಕೈಯಿಂದ ಬೆಸುಗೆ ಹಾಕಿದ ಹಂದರ ಇದ್ದರೆ ಪಕ್ಕದಲ್ಲಿ ಕುಳಿತವನಿಗೆ ಅದು ತಿಳಿಯುವುದಿಲ್ಲ. ಕೊಂಡಿಗಳನ್ನು ಅಳತೆಯಲ್ಲಿ ಜೋಡಿಸಬೇಕೆಂದು ದಾವೂದ್(ಅ)ರಿಗೆ ಹೇಳಿದ್ದು ಕವಚ ತೊಟ್ಟವನ ಎದೆಯನ್ನು ಉಳಿಸಲು. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ, ತಯಾರಕನು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹಳೆಯ ಕಾರಿಗೆ ಹೊಸ ಮೈ ಹೊದಿಸಿ ರಸ್ತೆಗಿಳಿಸುವ ಉತ್ಸಾಹಿ ಯುವಕರು ಇದನ್ನು ಮೊದಲು ತಿಳಿದಿರಬೇಕು. ದಾರಿಯಲ್ಲಿ ನಡೆಯುವವರ ಸುರಕ್ಷೆಯೂ ನಮ್ಮ ಮೇಲಿನ ಅಮಾನತ್ತೇ.

ಸಮಯದ ಲೆಕ್ಕವೂ ಉಳಿಯುತ್ತದೆ. ಆಯುಸ್ಸನ್ನು ಯಾವುದರಲ್ಲಿ ಕಳೆದೆ, ಹಣವನ್ನು ಎಲ್ಲಿಂದ ಗಳಿಸಿ ಎಲ್ಲಿ ವ್ಯಯಿಸಿದೆ ಎಂದು ವಿಚಾರಿಸಲ್ಪಡದೆ ಅಂತ್ಯದಿನದಂದು ದಾಸನ ಪಾದ ಕದಲದು ಎಂಬ ಹದೀಸ್ ನಮಗೆಲ್ಲ ಪರಿಚಿತವಾಗಿದೆ. 17 ವರ್ಷದಲ್ಲಿ ಒಂದು ಮಗು ಹುಟ್ಟಿ ಬೆಳೆದು ಕಾಲೇಜು ಸೇರುತ್ತದೆ. ಸಂಜೆಯ ಬಿಡುವಿನಲ್ಲಿ, ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು, ಅವರಿಗೆ ಬೆಸುಗೆ ಕಲಿಸುತ್ತಾ ಕಟ್ಟಿದ ಕಾರು ಒಂದು. ಅವರನ್ನು ಮೇಲಿನ ಮನೆಯಲ್ಲೇ ಬಿಟ್ಟು ತಾನೊಬ್ಬನೇ ನೆಲಮಾಳಿಗೆಯಲ್ಲಿ ಕಟ್ಟಿದ ಕಾರು ಇನ್ನೊಂದು. ಎರಡೂ ನೋಡಲು ಒಂದೇ ಥರ ಇರಬಹುದು.

ಇನ್ನು ಮಾರುವ ಪ್ರಸಂಗ. 2019ರ ಜುಲೈಯಲ್ಲಿ ಬ್ರೆಝಿಲ್‌ನ ಇಟಜಾಯಿ ನಗರದಲ್ಲಿ ಫೆರಾರಿ, ಲ್ಯಾಂಬೊರ್ಗಿನಿಗಳ ನಕಲುಗಳನ್ನು ತಯಾರಿಸಿ ಮಾರುತ್ತಿದ್ದ ಒಂದು ಕಾರ್ಯಾಗಾರದ ಮೇಲೆ ಪೊಲೀಸರು ದಾಳಿ ಮಾಡಿದರು. ಅಂಥ ಕಾರ್ಯಾಗಾರ ಕಂಪೆನಿಯ ಲಾಂಛನಕ್ಕೆ ಮಾಡುವ ಅನ್ಯಾಯ ಒಂದು ಬಗೆಯದು. ಅದಕ್ಕಿಂತ ಹತ್ತಿರದ ಅನ್ಯಾಯ, ಕೈಯಿಂದ ಕೈಗೆ ಹೋಗುತ್ತಾ ಮೂರನೆಯ, ನಾಲ್ಕನೆಯ ಕೊಳ್ಳುವವನಿಗೆ ಬಂದಾಗ ಯಾರೂ ನಿಜ ಹೇಳದಿರುವುದು. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಗಲಿತು. ಮಳೆಗೆ ನೆನೆಯಿತೆಂದು ಮಾರುವವನು ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲ ಎಂದು ಅವರು(ಸ) ಕೇಳಿದರು. ಕಟ್ಟಿದ ಕಾರನ್ನು ಮಾರುವವನು ಮೇಲೆ ಇಡಬೇಕಾದದ್ದು ಇಷ್ಟು: ಒಳಗಿರುವುದು ಯಾವ ಕಾರು, ಯಾವ ವರ್ಷದ್ದು, ಎಲ್ಲೆಲ್ಲಿ ಬೆಸುಗೆ ಬಿದ್ದಿದೆ, ಆರ್.ಸಿ. ಪುಸ್ತಕದಲ್ಲಿ ಏನೆಂದು ಬರೆದಿದೆ. ಬೆಲೆಯ ಮಾತು ಅದರ ನಂತರ.