ಕಂಡವನೊಬ್ಬ, ನುಡಿಯುವವನೊಬ್ಬ

2007ನೆಯ ಇಸವಿಯ ಫೆಬ್ರವರಿಯಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯು ಇಒಎಸ್-1ಡಿ ಮಾರ್ಕ್ 3 ಎಂಬ ಕ್ಯಾಮೆರಾವನ್ನು ಲೋಕಕ್ಕೆ ಪರಿಚಯಿಸಿದಾಗ, ಕ್ರೀಡಾಂಗಣದ ಅಂಚಿನಲ್ಲಿ ಮೊಣಕಾಲೂರಿ ಕುಳಿತು ಅನ್ನ ಸಂಪಾದಿಸುವ ಛಾಯಾಗ್ರಾಹಕರಿಗೆ ಬಹುಕಾಲದ ಹಾರೈಕೆಯೊಂದು ಕೈಗೂಡಿದಂತಾಯಿತು. ಸೆಕೆಂಡಿಗೆ 10 ಚಿತ್ರಗಳ ವೇಗ, 45 ಫೋಕಸ್ ಬಿಂದುಗಳು, ಅವುಗಳಲ್ಲಿ 19 ಅಡ್ಡಗೆರೆ ಉದ್ದಗೆರೆಗಳೆರಡನ್ನೂ ಗ್ರಹಿಸಬಲ್ಲವು. ಆದರೆ ಕೆಲವೇ ತಿಂಗಳುಗಳಲ್ಲಿ ಕೆನಡಾದ ಛಾಯಾಗ್ರಾಹಕ ರಾಬ್ ಗಾಲ್‌ಬ್ರೈತ್ ಅವರು, ಬಿಸಿಲು ಪ್ರಖರವಾಗಿರುವ ಹೊತ್ತಿನಲ್ಲಿ ಚಲಿಸುವ ವಸ್ತುವನ್ನು ಹಿಂಬಾಲಿಸುತ್ತ ಚಿತ್ರಗಳನ್ನು ತೆಗೆದರೆ ಫೋಕಸ್ ಸ್ಥಿರವಾಗಿ ನಿಲ್ಲುತ್ತಿಲ್ಲವೆಂದು ಚಿತ್ರಗಳನ್ನೇ ಮುಂದಿಟ್ಟು ಬರೆದರು. ಅಂದಿನಿಂದ ಆ ಕ್ಯಾಮೆರಾದ ಒಡೆಯರಲ್ಲಿ ಎರಡು ಪಕ್ಷಗಳಾದುವು. ದೋಷ ಯಂತ್ರದಲ್ಲಿದೆ, ತಯಾರಕರು ಬಾಯಿಬಿಟ್ಟು ಹೇಳಲಿ ಎಂದಿತು ಒಂದು. ದೋಷ ಕೈಯಲ್ಲಿದೆ, ಇಂಥ ಸೂಕ್ಷ್ಮ ಯಂತ್ರವನ್ನು ಪಳಗಿಸಿಕೊಳ್ಳುವ ಸಹನೆ ನಿಮಗಿಲ್ಲ ಎಂದಿತು ಇನ್ನೊಂದು.

ಈ ಜಗಳವನ್ನು ಸರಕಿನ ಜಗಳವೆಂದು ಬದಿಗಿಡಲು ನನಗೆ ಮನಸ್ಸು ಬಾರದು. ನಮ್ಮ ದೇಶದ ದಾರ್ಶನಿಕರು ಶತಮಾನಗಳ ಕಾಲ ಬಿಡದೆ ಚರ್ಚಿಸಿದ ಪ್ರಶ್ನೆಯೊಂದು ಇದರ ಗರ್ಭದಲ್ಲಿದೆ. ಪರರ ಮಾತು ನನಗೆ ಜ್ಞಾನವಾಗುವುದು ಯಾವ ನಿಬಂಧನೆಗಳ ಮೇಲೆ?

ಮೊದಲು ಯಂತ್ರದ ಒಳಗೇನು ನಡೆಯುತ್ತದೆಂಬುದನ್ನು ನೋಡಬೇಕು. ಲೆನ್ಸಿನ ಮೂಲಕ ಒಳಬಂದ ಬೆಳಕಿನ ಬಹುಭಾಗವನ್ನು ಮುಖ್ಯ ಕನ್ನಡಿಯು ಛಾಯಾಗ್ರಾಹಕನ ಕಣ್ಣಿಗೆ ತಿರುಗಿಸುತ್ತದೆ. ಅರೆಪಾರದರ್ಶಕವಾದ ಅದರ ಮಧ್ಯಭಾಗವನ್ನು ದಾಟಿಹೋದ ಉಳಿದ ಬೆಳಕನ್ನು, ಹಿಂದೆ ಅಂಟಿಕೊಂಡಿರುವ ಒಂದು ಕಿರುಗನ್ನಡಿಯು ಕೆಳಕ್ಕೆ, ಪೆಟ್ಟಿಗೆಯ ತಳದಲ್ಲಿರುವ ಫೋಕಸ್ ಸೆನ್ಸರಿಗೆ ಕಳುಹಿಸುತ್ತದೆ. ಲೆನ್ಸಿನ ಎರಡು ಅಂಚುಗಳಿಂದ ಬಂದ ಬೆಳಕಿನ ಎರಡು ಬಿಂಬಗಳ ನಡುವಣ ಅಂತರವನ್ನು ಅಳೆದು, ಲೆನ್ಸನ್ನು ಯಾವ ದಿಕ್ಕಿಗೆ ಎಷ್ಟು ಸರಿಸಬೇಕೆಂದು ಆ ಸೆನ್ಸರು ನಿರ್ಣಯಿಸುತ್ತದೆ. ಚಿತ್ರ ಮೂಡುವ ಸ್ಥಳವೇ ಬೇರೆ, ಫೋಕಸ್ ನಿರ್ಣಯವಾಗುವ ಸ್ಥಳವೇ ಬೇರೆ. ಲೆನ್ಸಿನಿಂದ ಈ ಎರಡೂ ಸ್ಥಳಗಳಿಗಿರುವ ದೂರಗಳು ಸಮವಾಗಿವೆಯೆಂಬ ವ್ಯಾಪ್ತಿಯನ್ನು, ಎಂದರೆ ಎಂದೂ ತಪ್ಪದ ಸಂಬಂಧವನ್ನು, ನಂಬಿ ಕ್ಯಾಮೆರಾ ಮಾಡುವುದು ಅನುಮಾನವನ್ನೇ, ಎಂದರೆ ತರ್ಕದಿಂದ ಊಹಿಸುವುದನ್ನೇ, ಹೊರತು ಪ್ರತ್ಯಕ್ಷವನ್ನಲ್ಲ. ಚಿತ್ರ ತೆಗೆಯುವ ಪ್ರತಿ ಸಲವೂ ಎರಡು ಕನ್ನಡಿಗಳೂ ಮಡಚಿ ಮೇಲೇರಿ ಮತ್ತೆ ಸ್ವಸ್ಥಾನಕ್ಕೆ ಇಳಿಯಬೇಕು. ಸೆಕೆಂಡಿಗೆ 10 ಸಲ ಇಳಿದು, ಕ್ಷಣಾರ್ಧವೂ ಅಲುಗದೆ ನಿಲ್ಲಬೇಕು. ಕಿರುಗನ್ನಡಿಯ ನೆಲೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ವ್ಯಾಪ್ತಿ ಮುರಿದುಬೀಳುತ್ತದೆ, ಆದರೆ ಯಂತ್ರಕ್ಕೆ ಅದರ ಅರಿವಿರುವುದಿಲ್ಲ. ಅದು ಫೋಕಸ್ ಸಿಕ್ಕಿತೆಂದೇ ಸೂಚಿಸುತ್ತದೆ.

ಇಂಥಲ್ಲಿ ಸಂಶಯ ಹುಟ್ಟುವುದು ಸಹಜ. ನ್ಯಾಯಶಾಸ್ತ್ರದ ಪ್ರಕಾರ, ಎರಡು ವಸ್ತುಗಳಿಗೆ ಸಮಾನವಾದ ಧರ್ಮ ಕಾಣುತ್ತಿದ್ದು, ಅವುಗಳನ್ನು ಬೇರ್ಪಡಿಸುವ ವಿಶೇಷ ಕಾಣದಿದ್ದಾಗ ಸಂಶಯ ಏಳುತ್ತದೆ. ಮುಸ್ಸಂಜೆಯಲ್ಲಿ ನೆಟ್ಟಗೆ ನಿಂತದ್ದು ಮೋಟುಮರವೋ ಮನುಷ್ಯನೋ ಎಂಬುದು ಅದರ ಪ್ರಸಿದ್ಧ ನಿದರ್ಶನ. ಮಸುಕಾದ ಚಿತ್ರವೂ ಹಾಗೆಯೇ. ಕೈ ನಡುಗಿದರೂ ಚಿತ್ರ ಮಸುಕಾಗುತ್ತದೆ, ಓಟಗಾರನ ಎದೆಯ ಬದಲು ಹಿಂದಿನ ಬೇಲಿಗೆ ಬಿಂದು ತಾಗಿದರೂ ಮಸುಕಾಗುತ್ತದೆ, ಕಿರುಗನ್ನಡಿ ಅಲುಗಿದರೂ ಮಸುಕಾಗುತ್ತದೆ. ವಿಶೇಷವನ್ನರಸಿ ಒಡೆಯನು ಪರೀಕ್ಷೆಗೆ ತೊಡಗುತ್ತಾನೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಬಿಗಿದು, ಅಡಿಕೋಲೊಂದನ್ನು 45 ಡಿಗ್ರಿ ಓರೆಯಾಗಿ ಇಟ್ಟು, ಲೆನ್ಸಿನ ಬಾಯನ್ನು ಪೂರ್ತಿ ತೆರೆದು, ನಡುಗೆರೆಗೆ ಫೋಕಸ್ ಮಾಡಿ, ತೆಗೆದ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುತ್ತಾನೆ: ನಡುಗೆರೆ ಮಂಜಾಗಿದೆ, ಅದರ ಈಚೆಗಿರುವ ಎರಡನೆಯ ಗೆರೆ ಕೊರೆದಂತೆ ಸ್ಫುಟವಾಗಿದೆ. ಆದರೆ ಅಡಿಕೋಲು ಸರಿಯಾಗಿತ್ತೆ? ಬಿಂದುವಿನ ನಿಜವಾದ ಹರವು ನೋಟದ ಕಿಂಡಿಯಲ್ಲಿ ಕಾಣುವ ಚೌಕಕ್ಕಿಂತ ದೊಡ್ಡದಿದ್ದು, ಫೋಕಸ್ ಪಕ್ಕದ ಗೆರೆಗೆ ಜಿಗಿಯಿತೆ? ಪರೀಕ್ಷೆಗೇ ಇನ್ನೊಂದು ಪರೀಕ್ಷೆ ಬೇಕಾಗುತ್ತದೆ. ಜ್ಞಾನದ ಪ್ರಾಮಾಣ್ಯವು ಪರತಃ, ಅದು ಬೇರೊಂದು ಜ್ಞಾನದಿಂದಲೇ ತಿಳಿಯಬೇಕು, ಎಂದರೆ ಅನವಸ್ಥೆಯೆಂದು ಮಧ್ವಾಚಾರ್ಯರು ಎಚ್ಚರಿಸಿದ್ದು ಇಂಥದೇ ಕೊನೆಯಿಲ್ಲದ ಸರಪಳಿಯನ್ನು ಕುರಿತು; ಎಲ್ಲಿಯಾದರೂ ಒಳಗಿನ ಅರಿವಾದ ಸಾಕ್ಷಿಯು ನಿಂತು ಇದು ಸರಿಯೆಂದು ತಾನೇ ತಿಳಿಯದಿದ್ದರೆ ಯಾವ ಜ್ಞಾನಕ್ಕೂ ನೆಲೆಯಿಲ್ಲ.

ಯಂತ್ರವನ್ನು ಸಮರ್ಥಿಸಿದ ಒಡೆಯರ ಪಕ್ಷದಲ್ಲಿಯೂ ಸತ್ತ್ವವುಂಟು. ಉಂಟಾದ ಜ್ಞಾನವನ್ನು, ಅದನ್ನು ಅಲ್ಲಗಳೆಯುವ ಬಾಧಕ ದೊರೆಯುವ ತನಕ, ಪ್ರಮಾಣವೆಂದೇ ಸ್ವೀಕರಿಸಬೇಕೆಂದು ಮೀಮಾಂಸಕನಾದ ಕುಮಾರಿಲ ಭಟ್ಟನು ವಾದಿಸಿದನು. ಹಾಗಲ್ಲದಿದ್ದರೆ ಬದುಕು ಒಂದು ಹೆಜ್ಜೆಯೂ ಮುಂದೆ ಸಾಗದು. ಪ್ರತಿ ಮಸುಕು ಚಿತ್ರಕ್ಕೂ ತಯಾರಕನನ್ನು ದೂರುವವನು ತನ್ನ ಕೈಯ ಕಸುಬನ್ನು ಎಂದಿಗೂ ಕಲಿಯಲಾರ. ಆದರೆ ಅದೇ ಕುಮಾರಿಲನು ಜ್ಞಾನವನ್ನು ತಳ್ಳಿಹಾಕಲು ಎರಡು ದಾರಿಗಳನ್ನೂ ಹೇಳಿದ್ದಾನೆ: ವಸ್ತುವು ಬೇರೆಯೇ ಆಗಿದೆಯೆಂದು ತಿಳಿದುಬರುವುದು ಒಂದು, ಜ್ಞಾನದ ಕಾರಣದಲ್ಲಿಯೇ ದೋಷವಿದೆಯೆಂದು ತಿಳಿದುಬರುವುದು ಇನ್ನೊಂದು. ಕಾಮಾಲೆಯವನಿಗೆ ಶಂಖವು ಹಳದಿಯಾಗಿ ತೋರುತ್ತದೆ. ಎಷ್ಟು ಸಲ ನೋಡಿದರೂ ಹಳದಿಯೇ, ಏಕೆಂದರೆ ನೋಡುವ ಕಣ್ಣೇ ಕೆಟ್ಟಿದೆ. ಅವನಿಗೆ ಬೇಕಾದುದು ಬೇರೆ ಕಣ್ಣುಗಳ ಮಾತು. ಒಬ್ಬನ ಚಿತ್ರ ಮಸುಕಾದರೆ ಕೈದೋಷವೆನ್ನಬಹುದು. ಪಳಗಿದ ಹಲವರು, ಬೇರೆಬೇರೆ ಊರುಗಳಲ್ಲಿ, ಒಂದೇ ಬಗೆಯ ಸನ್ನಿವೇಶದಲ್ಲಿ ಅದೇ ಅನುಭವವನ್ನು ಹೇಳಿದಾಗ ಕಾರಣದೋಷದ ಶಂಕೆ ಬಲಿಯುತ್ತದೆ. ಆ ಘಳಿಗೆಯಿಂದ ಉತ್ತರದ ಹೊಣೆ ತಯಾರಕನದು.

ಆತನ ಉತ್ತರ ಎಂಥದಾಗಿರಬೇಕು? ನ್ಯಾಯಸೂತ್ರದ ಭಾಷ್ಯಕಾರನಾದ ವಾತ್ಸ್ಯಾಯನನು ಆಪ್ತನಿಗೆ, ಎಂದರೆ ಯಾರ ಮಾತು ನಂಬತಕ್ಕದ್ದೋ ಅವನಿಗೆ, ಕೊಟ್ಟ ಲಕ್ಷಣವನ್ನು ನಾನು ಇಲ್ಲಿ ನೆನೆಯುತ್ತೇನೆ. ವಿಷಯವನ್ನು ಸಾಕ್ಷಾತ್ತಾಗಿ ಕಂಡಿರಬೇಕು. ಕಂಡದ್ದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯಬೇಕು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸ್ಪಷ್ಟವಾಗಿ ಹೇಳಿದುದು ನನ್ನನ್ನು ಪ್ರತಿ ಓದಿನಲ್ಲಿಯೂ ಬೆರಗುಗೊಳಿಸುತ್ತದೆ. ಕುಲವಾಗಲಿ ಪದವಿಯಾಗಲಿ ಆಪ್ತತ್ವವನ್ನು ಕೊಡಲಾರವು. ಹಾಗಾದರೆ ದೂರದೇಶದ ಕಾರ್ಖಾನೆಯೊಂದು ಆಪ್ತವಾಗಲು ಯಾವ ಅಡ್ಡಿಯೂ ಇಲ್ಲ. ಇರುವ ತೊಡಕು ಬೇರೆ. ವಾತ್ಸ್ಯಾಯನನ ಆಪ್ತನು ಒಬ್ಬ ವ್ಯಕ್ತಿ. ಕಂಡ ಕಣ್ಣು, ತಿಳಿಸುವ ಇಚ್ಛೆ, ನುಡಿಯುವ ನಾಲಗೆ ಮೂರೂ ಅವನಲ್ಲಿ ಒಂದೇ ದೇಹದಲ್ಲಿವೆ. ದೊಡ್ಡ ಸಂಸ್ಥೆಯಲ್ಲಿ ಇವು ಚದುರಿಹೋಗುತ್ತವೆ. ಕಿರುಗನ್ನಡಿಯನ್ನು ಬಿಚ್ಚಿ ಅಳೆದವನು ಒಬ್ಬ ಎಂಜಿನಿಯರು. ಹೇಳಬೇಕೆ ಬೇಡವೆ ಎಂದು ನಿರ್ಧರಿಸುವವನು ಲಾಭನಷ್ಟವನ್ನು ತೂಗುವ ಅಧಿಕಾರಿ. ಗಿರಾಕಿಗೆ ಉತ್ತರ ಕೊಡುವವನು ಯಂತ್ರವನ್ನು ಎಂದೂ ಬಿಚ್ಚಿ ನೋಡದ, ಬರೆದುಕೊಟ್ಟುದನ್ನು ಓದುವ ನೌಕರ. ಇವರಲ್ಲಿ ಯಾರೊಬ್ಬರೂ ಸುಳ್ಳನ್ನಾಡದಿದ್ದರೂ ಒಟ್ಟಿನ ಮಾತು ಆಪ್ತವಾಕ್ಯವಾಗದೆ ಹೋಗಬಹುದು. ಇಂಥ ವಿವಾದಗಳಲ್ಲಿ ಗಿರಾಕಿಯ ಕಿವಿಗೆ ಮತ್ತೆ ಮತ್ತೆ ಬೀಳುವ ‘ನಿಗದಿತ ಪರಿಮಿತಿಯೊಳಗಿದೆ’ ಎಂಬ ಉತ್ತರವು ಜನರನ್ನು ಅಷ್ಟೊಂದು ನೋಯಿಸುವುದು ಇದರಿಂದಲೇ. ಆ ಪರಿಮಿತಿ ಎಷ್ಟು, ಅಳೆದವರು ಯಾರು, ಯಾವ ಬೆಳಕಿನಲ್ಲಿ, ಯಾವ ವೇಗದಲ್ಲಿ ಎಂಬುದೊಂದೂ ಅದರಲ್ಲಿಲ್ಲ. ಮಾತಿದೆ, ಕಂಡವನು ಕಾಣೆ.

ಆ ವರ್ಷದ ಬೇಸಗೆ ಕಳೆದು ಕೊನೆಯ ತಿಂಗಳುಗಳು ಬರುವವರೆಗೂ ಒಡೆಯರ ತಳಮಳ ಮುಂದುವರಿಯಿತು. ಫರ್ಮ್‌ವೇರಿನ ಪರಿಷ್ಕರಣಗಳೂ ಬಂದುವು. ಕಡೆಗೆ ಕ್ಯಾನನ್ ಸಂಸ್ಥೆಯು, ತೊಂದರೆಗೆ ಕಿರುಗನ್ನಡಿಯ ಜೋಡಣೆ ಕಾರಣವಾಗಿರಬಹುದೆಂದು ಪ್ರಕಟಿಸಿ, ಯಾವ ಕ್ರಮಸಂಖ್ಯೆಗಳ ಕ್ಯಾಮೆರಾಗಳು ಅದಕ್ಕೆ ಒಳಪಡುತ್ತವೆಂದು ತಿಳಿಸಿ, ಅವನ್ನು ಉಚಿತವಾಗಿ ಸರಿಪಡಿಸಲು ಮುಂದಾಯಿತು. ಎಲ್ಲರ ಸಂಶಯವೂ ಅಲ್ಲಿಗೆ ತೀರಲಿಲ್ಲ; ದುರಸ್ತಿಯಾದ ಮೇಲೂ ಗಾಲ್‌ಬ್ರೈತ್ ಅವರು ಪರೀಕ್ಷಿಸುತ್ತಲೇ ಇದ್ದರು, ತೃಪ್ತರಾಗಲಿಲ್ಲ. ಆದರೂ ಆ ಪ್ರಕಟಣೆಗೂ ಹಿಂದಿನ ಮೌನಕ್ಕೂ ಇರುವ ವ್ಯತ್ಯಾಸ ಅಲ್ಪವಲ್ಲ. ಅವರ ಅತೃಪ್ತಿಗೇ ಈಗ ಒಂದು ಆಕಾರ ಬಂದಿತ್ತು: ಹೆಸರಿಸಿದ ಒಂದು ಭಾಗ, ಗುರುತಿಸಿದ ಕ್ರಮಸಂಖ್ಯೆಗಳು, ಸರಿಪಡಿಸಿದ ಒಂದು ಯಂತ್ರ. ಬೇಕಾದವರು ಅದನ್ನು ಬಿಸಿಲಿಗೊಯ್ದು, ಓಡಿಬರುವ ಆಟಗಾರನೆದುರು ಹಿಡಿದು, ಸಂಸ್ಥೆಯ ಮಾತು ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆಗೆ ನಿಜವಲ್ಲವೆಂದು ತಾವೇ ನೋಡಿಕೊಳ್ಳಬಹುದಾಗಿತ್ತು.