ಕೊಳೆತದ್ದೋ, ಮಾಗಿದ್ದೋ?



ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ರೇಷ್ಮೆ ಬೆಳೆಗಾರರಿಗೆ ‘ಹುಳು ಹಣ್ಣಾಗುವುದು’ ಎಂದರೇನೆಂದು ವಿವರಿಸಬೇಕಿಲ್ಲ. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ತಿಳಿಯಾಗಿ ಹೊಳೆಯತೊಡಗಿದ ಹುಳುವನ್ನಷ್ಟೇ ಆರಿಸಿ ಚಂದ್ರಿಕೆಗೆ ಬಿಡುತ್ತೀರಿ. ಒಂದೇ ತಟ್ಟೆಯ ಹುಳುಗಳೆಲ್ಲ ಒಂದೇ ಗಳಿಗೆಯಲ್ಲಿ ಹಣ್ಣಾಗುವುದಿಲ್ಲ. ತಡಮಾಡಿದರೆ ನೂಲು ವ್ಯರ್ಥ, ಅವಸರಪಟ್ಟರೂ ನಷ್ಟವೇ.

ದ್ರಾಕ್ಷಿ ತೋಟದಲ್ಲೂ ಇದೇ ವಿವೇಕ ಬೇಕು. ಫ್ರಾನ್ಸಿನ ಸೋಟರ್ನ್, ಹಂಗೇರಿಯ ತೊಕಾಯ್ ಪ್ರಾಂತಗಳಲ್ಲಿ ಸಿಹಿ ದ್ರಾಕ್ಷಾರಸಕ್ಕಾಗಿ ಮಾಗಿದ ಹಣ್ಣನ್ನು ಬಳ್ಳಿಯಲ್ಲೇ ಬಿಡುತ್ತಾರೆ. ಮುಂಜಾನೆ ನದಿಯ ಮಂಜು ಕವಿದಾಗ ‘ಬೊಟ್ರೈಟಿಸ್’ ಎಂಬ ಬೂಷ್ಟು ಹಣ್ಣಿಗೆ ಹತ್ತುತ್ತದೆ. ಮಧ್ಯಾಹ್ನ ಬಿಸಿಲು ಬಿದ್ದರೆ, ಬೂಷ್ಟು ತೂತು ಮಾಡಿದ ಸಿಪ್ಪೆಯಿಂದ ನೀರು ಆರಿ, ಸಕ್ಕರೆ ಒಳಗೇ ಗಟ್ಟಿಯಾಗುತ್ತದೆ. ನೋಡಲು ಬಿಸಾಡಬೇಕೆನಿಸುವ ಸುಕ್ಕುಹಣ್ಣು. ಹಿಂಡಿದರೆ ಜೇನಿನಂಥ ರಸ! ಇದಕ್ಕೆ ‘ಶ್ರೇಷ್ಠ ಕೊಳೆ’ ಎಂದೇ ಹೆಸರು. ಆದರೆ ಬಿಸಿಲು ಬಾರದೆ ಮಳೆಯೇ ಹಿಡಿದರೆ, ಅದೇ ಬೂಷ್ಟು ಗೊಂಚಲನ್ನೆಲ್ಲ ಕೊಳೆಸಿಬಿಡುತ್ತದೆ. ಆದ್ದರಿಂದ ಕೊಯ್ಯುವವರು ಬಣ್ಣ ನೋಡಿ, ಮೂಸಿ, ಹುಳಿ ವಾಸನೆಯದನ್ನು ತೆಗೆದೆಸೆದು, ಹದಕ್ಕೆ ಬಂದದ್ದನ್ನಷ್ಟೇ ಕೊಯ್ಯುತ್ತಾರೆ. ಉಳಿದದ್ದಕ್ಕಾಗಿ ವಾರಗಟ್ಟಲೆ ಮತ್ತೆ ಮತ್ತೆ ಅದೇ ಸಾಲಿಗೆ ಮರಳುತ್ತಾರೆ.

ಸಂತ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದ ತೋಟದ ಯಜಮಾನನೂ ಹೀಗೆಯೇ. ಬೆಳಗ್ಗೆ ಒಮ್ಮೆ ಹೋಗಿ ಸುಮ್ಮನಾಗಲಿಲ್ಲ. ಸಂಜೆ ಐದಕ್ಕೂ ಪೇಟೆಬೀದಿಗೆ ಮರಳಿದ. ಯಾರಿಗೂ ಬೇಡವಾಗಿ ನಿಂತವರನ್ನೂ ಕರೆದ.

ನಾವೋ? ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಮಗ, ಗಂಡನ ಮನೆಯಿಂದ ಮರಳಿದ ಮಗಳು, ಹಾಸಿಗೆ ಹಿಡಿದ ಅತ್ತೆ - ಇವರನ್ನು ಎಷ್ಟು ಬೇಗ ಕೈಬಿಡುತ್ತೇವೆ! ಕಷ್ಟ ತಾನಾಗಿಯೇ ಯಾರನ್ನೂ ಸಿಹಿಯಾಗಿಸುವುದಿಲ್ಲ. ಮಂಜಿನ ಬೆನ್ನಿಗೆ ಬಿಸಿಲು ಬೇಕು. ಜೊತೆಯಲ್ಲಿ ಕುಳಿತು ಉಣ್ಣುವುದು, ಹಂಗಿಸದೆ ಮಾತನಾಡಿಸುವುದು, ಒಟ್ಟಾಗಿ ಜಪಸರ ಪ್ರಾರ್ಥಿಸುವುದು - ದೇವರು ಆ ಬಿಸಿಲನ್ನು ನಿಮ್ಮ ಕೈಯಲ್ಲಿಟ್ಟಿದ್ದಾರೆ.

ಹಾಗೆಂದು ಎಲ್ಲ ಕೊಳೆಯೂ ಶ್ರೇಷ್ಠವಲ್ಲ. ಕುಡಿದು ಬಂದು ಹೆಂಡತಿ ಮಕ್ಕಳ ಮೇಲೆ ಕೈಮಾಡುವುದನ್ನು ‘ತಾಳಿಕೋ ತಾಯಿ, ಸರಿಹೋಗುತ್ತದೆ’ ಎಂದು ಮುಚ್ಚಬೇಡಿ. ಅದು ಇಡೀ ಗೊಂಚಲನ್ನೇ ಕೆಡಿಸುತ್ತದೆ. ಪೆಟ್ಟು ತಿನ್ನುವವಳನ್ನು ಮೊದಲು ಕಾಪಾಡಿ. ಕುಡಿಯುವವನನ್ನು ಚಿಕಿತ್ಸೆಗೆ ಕರೆದೊಯ್ಯಿರಿ. ಕತ್ತರಿಸಬೇಕಾದದ್ದು ಚಟವನ್ನು, ಮನುಷ್ಯನನ್ನಲ್ಲ.

ಬಲಿಪೂಜೆಯ ದ್ರಾಕ್ಷಾರಸ ಅಪ್ಪಟ ದ್ರಾಕ್ಷಿಯದ್ದಾಗಿರಬೇಕು, ಕೆಟ್ಟಿರಬಾರದು ಎನ್ನುತ್ತದೆ ಧರ್ಮಸಭೆಯ ಕಾನೂನಿನ 924ನೇ ವಿಧಿ. ಬರುವ ಭಾನುವಾರ ಯಾಜಕರು ಪಾನಪಾತ್ರೆಯನ್ನು ಮೇಲೆತ್ತುವಾಗ, ನೀವು ‘ಕೆಟ್ಟುಹೋಯಿತು’ ಎಂದು ಕೈಬಿಟ್ಟ ಒಬ್ಬರ ಹೆಸರನ್ನು ಮನಸ್ಸಿನಲ್ಲಿ ಹೇಳಿರಿ. ಪೂಜೆ ಮುಗಿದ ಮೇಲೆ ಅವರ ಬಳಿಗೆ ಇನ್ನೊಮ್ಮೆ ಹೋಗಿರಿ.